ಕೆಂಪು ಪೆಟ್ಟಿಗೆಯ ಬ್ಯಾಟರಿ

ಟಕ್ ಟಕ್ ಚೀಂ, ಒಂದು ರೆಕ್ಕೆ ಬಾಗಿದ ಫ್ಯಾನು, ಇದರ ದನಿ ತೆಗೆಯುವುದು ಸುಲಭ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟರಾಯಿತು, ಥೂ ಮನೀಶಾ, ಸುಟ್ಟಗಾಯದ ವಾರ್ಡಿನೆದುರು ಕೂತೂ ನಿನಗೆ ಮಿಮಿಕ್ರಿ — ಒಳಗೆ ಶಿವರಾಮು, ಬೆಳಗ್ಗೆ ನಮ್ಮ ಕಂಪನಿಯ ಕೇಂದ್ರದಲ್ಲಿ ಸ್ಕೂಟರಿನ ಬ್ಯಾಟರಿ ಬದಲಿಸಿಕೊಂಡು ಹೋದವನು, ವಡಪಳನಿ ಸಿಗ್ನಲ್ಲಿನಲ್ಲಿ ಸೀಟಿನಡಿಯಿಂದ ಹೊತ್ತಿಕೊಂಡಿತಂತೆ, ಸೊಂಟದ ಕೆಳಗಿನದು ಕೇಳಬೇಡಿ ಅಂದರು ನರ್ಸು, ಹೊರಗೆ ಅವನ ಹೆಂಡತಿ ಅನಸೂಯ, ಅವಳ ಪಕ್ಕ ನಮ್ಮ ಸರಸಕ್ಕ. ಹೊಗೆಯಿಲ್ಲದ ಗಾಡಿ, ಎರಡೇ ನಿಮಿಷದಲ್ಲಿ ಸ್ವಾಪ್, ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಒಯ್ಯಿರಿ, ಉದ್ಘಾಟನೆಯ ದಿನ ಮೈಕ್ ಹಿಡಿದವನು ನಾನೇ, ಸ್ವಾಪ ಅಂದರೆ ಸಂಸ್ಕೃತದಲ್ಲಿ ನಿದ್ದೆ, ಪೆಟ್ರೋಲ್ ಬಂಕಿನವರು ಇನ್ನು ಮಲಗಲಿ ಅಂದೆ, ಜನ ನಕ್ಕರು, ಸುಬ್ರಾಯ ಮಾವ ತಮ್ಮ ಹೋಟೆಲಿನ ಪಕ್ಕದ ಜಾಗ ಕೊಟ್ಟರು, ಪಾತ್ರೆ ತೊಳೆಯುತ್ತಿದ್ದ ಸರಸಕ್ಕನನ್ನು ಬ್ಯಾಟರಿ ಕಪಾಟಿನ ಕಾವಲಿಗೆ ಕೂರಿಸಿದರು, ನೀರು ತಗುಲಿದ ಬ್ಯಾಟರಿ ಹಸಿರು ದೀಪ ತೋರಿಸಿದರೂ ಕೆಟ್ಟದ್ದನ್ನು ಹಾಕುವ ಕೆಂಪು ಪೆಟ್ಟಿಗೆಗೇ ಹೋಗಬೇಕು, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ ಅಂತ ಅವಳಿಗೆ ಹೇಳಿಕೊಟ್ಟವನೂ ನಾನೇ, ಅವಳು ಒಮ್ಮೆಯೂ ತಪ್ಪಿರಲಿಲ್ಲ.

ಮೊನ್ನೆಯ ಮಳೆಗೆ ಓಣಿಯ ನೀರು ನುಗ್ಗಿ ಒಂದು ಬ್ಯಾಟರಿ ಒದ್ದೆಯಾಯಿತು, ಪೆಟ್ಟಿಗೆಗೆ ಹಾಕಿದೆ ಅಂತ ಅವಳು ತಿಳಿಸಿದಳು, ನಿನ್ನೆ ಮಧ್ಯಾಹ್ನ ಅಡ್ಯಾರಿನ ಆಫೀಸಿನಲ್ಲಿ ನನಗೆ ಬೇಸರ, ಬರೀ ಬೇಸರ, ಹೋಟೆಲಿನ ಲ್ಯಾಂಡ್‌ಲೈನಿಗೆ ಫೋನ್ ಹಚ್ಚಿ ನಮ್ಮ ಬಾಸ್ ಮುರಳೀಧರ ಸಾರ್ ದನಿ ತೆಗೆದೆ, ಮೂಗಿನಿಂದ ಒಂದು ಹ್ಹಂ, ಕೊನೆಗೆ ಅವರ ತಮಿಳು ಸರಿದಾನೆ, ಏನು ಸರಸಮ್ಮ, ಅಷ್ಟು ಬೆಲೆಯ ಬ್ಯಾಟರಿ, ಒರೆಸಿ ಕಪಾಟಿಗೆ ಇಡಿ, ಸರಿದಾನೆ? ಎಷ್ಟೋ ಸಲ ಹೀಗೆ ಮಾಡಿದ್ದೇನೆ, ಪ್ರತಿ ಸಲವೂ ಹಿಡಿಯುತ್ತಾಳೆ, ಸಾಕು ಮಾರಾಯ ನಿನ್ನ ಆಟ, ನಿನ್ನೆ ಹಿಂದೆ ಗ್ರೈಂಡರ್ ಗುಡುಗುತ್ತಿತ್ತು, ಆಯ್ತು ಸಾರ್ ಅಂದು ಇಟ್ಟುಬಿಟ್ಟಳು, ಈ ಸಲ ಅವಳೂ ಆಟ ಆಡುತ್ತಿದ್ದಾಳೆ ಅಂದುಕೊಂಡೆ, ಭೇಷ್ ಅಂದುಕೊಂಡೆ, ಆಮೇಲೆ ಕಾಫಿ ಬಂತು, ಮರೆತೆ.

ಈಗ ಮುರಳೀಧರ ಸಾರ್ ಬಂದು ನಿಂತಿದ್ದಾರೆ, ಜೊತೆಗೆ ಇನ್ಸ್‌ಪೆಕ್ಟರ್, ಯಾರಮ್ಮಾ ನಿಮಗೆ ಹೇಳಿದ್ದು ಕಪಾಟಿಗೆ ಇಡೋಕೆ, ಸಾರ್ ಸರಸಕ್ಕನನ್ನು ಕೇಳುತ್ತಾರೆ, ನೀವೇ ಅಲ್ವಾ ಸಾರ್, ಫೋನಲ್ಲಿ, ನಾನಾ, ಅಯ್ಯೋ ಪೊಯ್, ಬರೀ ಸುಳ್ಳು ಹೇಳ್ತಾಳೆ ಸಾರ್ ಈ ಹೆಂಗಸು, ದೇವರಾಣೆ ನಿಮ್ಮದೇ ಸ್ವರ, ಸೆರಗಿನಲ್ಲಿ ಒರೆಸಿದೆ ಸಾರ್, ಮಿಂದು ಬಂದ ಮಗುವಿನ ತಲೆ ಒರೆಸಿದ ಹಾಗೆ, ಸಂದುಸಂದೂ ಒರೆಸಿ, ಇಡ್ಲಿ ಪಾತ್ರೆಯ ಪಕ್ಕ ರಾತ್ರಿಯಿಡೀ ಒಣಗಿಸಿ ಇಟ್ಟೆ — ನಾನು ಅದನ್ನು ನೋಡಿಲ್ಲ, ಆದರೂ ನೋಡುತ್ತಿದ್ದೇನೆ, ಸೆರಗು, ಸೆರಗಿನ ತುದಿ, ಬ್ಯಾಟರಿಯ ಹಿಡಿಯ ಒಳಗೆ ಬೆರಳು ತೂರಿಸಿ ಒರೆಸುತ್ತಿರುವುದು, ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಾರೆ, ಕೇಸು ಇವಳ ಮೇಲೆಯೇ, ಅನಸೂಯ ಸರಸಕ್ಕನಿಂದ ಒಂದು ಗೇಣು ದೂರ ಸರಿದು ಕೂರುತ್ತಾಳೆ, ನೀನಾ, ನೀನಾ ಇಟ್ಟಿದ್ದು ಅನ್ನುತ್ತಾಳೆ, ಹೇಳು, ಹೇಳಿಬಿಡು ಮನೀಶಾ, ಒಂದೇ ವಾಕ್ಯ, ನಾಳೆ ಹೇಳಿದರೂ ನಡೆಯುತ್ತದೆ, ನಾಳೆ ಯಾಕೆ, ಅವನು ಸತ್ತರೆ ಆಗ ಅದು ಬೇರೆಯೇ ಸೆಕ್ಷನ್ — ಅಷ್ಟರಲ್ಲಿ ಸರಸಕ್ಕ ನನ್ನ ಕಡೆ ಕೈ ತೋರಿಸುತ್ತಾಳೆ, ಎಷ್ಟು ನಂಬಿಕೆಯ ಕೈ, ಈ ಹುಡುಗನನ್ನು ಕೇಳಿ ಮಾರಾಯ್ರೆ, ಸಾರ್ ಸ್ವರ ಇವನಿಗೆ ಚೆನ್ನಾಗಿ ಗೊತ್ತುಂಟು, ಇವನು ನನ್ನ ಪರ ಹೇಳ್ತಾನೆ. ಇನ್ಸ್‌ಪೆಕ್ಟರ್ ನನ್ನತ್ತ ತಿರುಗುತ್ತಾರೆ, ಎನ್ನಪ್ಪಾ, ಉನಕ್ಕು ಏದಾವದು ತೆರಿಯುಮಾ, ನಿನಗೇನಾದರೂ ಗೊತ್ತಾ? ತೆರಿಯಾದು ಸಾರ್ ಅನ್ನುತ್ತೇನೆ, ಗೊತ್ತಿಲ್ಲ, ಸ್ಪಷ್ಟವಾಗಿ, ಯಾರ ಹಾಗೂ ಅಲ್ಲದೆ, ನನ್ನದೇ ದನಿಯಲ್ಲಿ, ಅವಳ ಕೈ ಇನ್ನೂ ನನ್ನ ಕಡೆಯೇ ಚಾಚಿಕೊಂಡಿದೆ, ಆಮೇಲೆ ಮೆಲ್ಲನೆ ಇಳಿದು ಸೆರಗು ಹುಡುಕುತ್ತದೆ, ಮುಖ ಒರೆಸಿಕೊಳ್ಳುತ್ತದೆ, ಹಾಗೆಯೇ ಒರೆಸಿದ್ದಳು, ಹೀಗೆಯೇ, ಸಂದುಸಂದೂ, ಮಗುವಿನ ತಲೆಯ ಹಾಗೆ, ಸೆರಗಿನ ತುದಿ, ಒರೆಸುತ್ತಿದ್ದಾಳೆ, ಒರೆಸುತ್ತಿದ್ದಾಳೆ