ಅಂಟಮ್ಮನ ಬೆರಳಿಗೆ ಸಿಗದ ಕೆನ್ನೆ

ಅಂಟಮ್ಮನ ಕೈಯಿಂದ ಲೋಟ ಬೀಳುವುದು ಆ ಮನೆಯಲ್ಲಿ ಯಾರಿಗೂ ಹೊಸದಾಗಿ ಉಳಿದಿರಲಿಲ್ಲ. ಒಳಗೆ ಠಣ್ ಎಂದು ಸದ್ದಾದರೆ ಜಗಲಿಯ ಮೇಲಿದ್ದ ಮೇಸ್ತ್ರಿ ತಲೆ ಎತ್ತದೆಯೇ ಕೂಗುತ್ತಿದ್ದ: "ಬಿತ್ತಾ? ಸರಿ, ಬೆಳಗಾಯ್ತು ಅಂತ ಆಯ್ತು!"

ಮೇಸ್ತ್ರಿ ಅವಳ ಗಂಡ. ಬೂಟು, ಚಪ್ಪಲಿ ಮಾಡುವುದು ಅವರ ಕಸುಬು. ಅವನು ಜಗಲಿಯಲ್ಲಿ ಕೂತು ಚರ್ಮ ಕತ್ತರಿಸಿ ಹೊಲಿದರೆ, ಅವಳು ಒಳಗಿನ ಚಿಕ್ಕ ಕೋಣೆಯಲ್ಲಿ ನೆಲದ ಮೇಲೆ ಕೂತು ತಳದ ಅಟ್ಟೆಗೆ ಅಂಟು ಹಚ್ಚಿ, ಒತ್ತಿ ಕೂರಿಸುವಳು. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಮೇಲಿನ ಚರ್ಮ ಹರಿದರೂ ಅವಳು ಕೂರಿಸಿದ ಅಟ್ಟೆ ಮಾತ್ರ ಕಿತ್ತು ಬರುವುದಿಲ್ಲ ಎಂಬ ಹೆಸರಿತ್ತು. ಅದಕ್ಕೇ ಬೀದಿಯವರೆಲ್ಲ ಅಂಟಮ್ಮ ಎಂದು ಕರೆದು ಕರೆದು, ನಿಜವಾದ ಹೆಸರು ಅವಳಿಗೇ ಮರೆತುಹೋಗುವ ಹಾಗಾಗಿತ್ತು.

ಅಂಟಿನ ಕೆಲಸಕ್ಕೆ ಮೇಸ್ತ್ರಿಯದು ಒಂದು ಕಟ್ಟುನಿಟ್ಟು. ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಗಾಳಿಯಾಡಿದರೆ ಅಂಟು ಬೇಗ ಕೆನೆ ಕಟ್ಟುತ್ತದೆ, ಮೇಲೆ ಧೂಳು ಬಂದು ಕೂರುತ್ತದೆ. ಗಟ್ಟಿಯಾದ ಅಂಟಿಗೆ ಥಿನ್ನರ್ ಸುರಿದು ತೆಳ್ಳಗೆ ಮಾಡುವುದು. ಸಂಜೆ ಅದೇ ಥಿನ್ನರಿನಲ್ಲಿ ಕೈ ತೊಳೆಯುವುದು. ಒಂದೇ ಉಜ್ಜಿಗೆ ಕೈ ಲಕಲಕ! ಕೆಲಸ ಮುಗಿಸಿ ಎದ್ದಾಗ ತಲೆ ಒಂದಿಷ್ಟು ತೇಲಿದಂತಾಗುತ್ತಿತ್ತು, ನಿಜ. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತಿತ್ತು. ಅಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಓಡುವವರು ಯಾರು?

ಮೊದಲು ಕಾಲಿನ ಬೆರಳು ಜುಮ್ಮೆಂದವು. ಆಮೇಲೆ ಪಾದವೇ ತನ್ನದಲ್ಲ ಅನ್ನಿಸತೊಡಗಿತು. ಅಂಗಡಿಗೆ ಹೋಗಿ ಬರುವಾಗ ಒಂದು ಚಪ್ಪಲಿ ಎಲ್ಲೋ ಕಳಚಿಬಿದ್ದರೆ, ಮನೆ ಬಾಗಿಲಿಗೆ ಬಂದಮೇಲೆ ಬರಿಗಾಲು ಕಣ್ಣಿಗೆ ಬೀಳುತ್ತಿತ್ತೇ ಹೊರತು ಕಾಲಿಗೆ ಗೊತ್ತಾಗುತ್ತಿರಲಿಲ್ಲ. "ಚಪ್ಪಲಿ ಮೇಸ್ತ್ರಿ ಹೆಂಡತಿ ಬೀದಿಗೊಂದು ಚಪ್ಪಲಿ ದಾನ ಮಾಡ್ತಾಳೆ" ಎಂದು ಮೇಸ್ತ್ರಿ ನೆರೆಯವರನ್ನೆಲ್ಲ ನಗಿಸಿದ. ಅಂಟಮ್ಮನೂ ನಕ್ಕಳು. ನಗುತ್ತಲೇ ಕೈಬೆರಳುಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು, ಏಕೆಂದರೆ ಅಷ್ಟರಲ್ಲಿ ಅವೂ ಮರಗಟ್ಟತೊಡಗಿದ್ದವು.

ಅದೇ ಸಮಯಕ್ಕೆ ಮೊಮ್ಮಗಳು ಹುಟ್ಟಿದಳು.

ಮಗಳು, ಅಳಿಯ ಇದ್ದದ್ದು ಅದೇ ಮನೆಯ ಮಹಡಿಯ ಮೇಲೆ. ಆಸ್ಪತ್ರೆಯಿಂದ ಬಂದ ದಿನ ಮಗಳು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅಂಟಮ್ಮನ ಕೈಗಿಟ್ಟಳು. ಅಂಟಮ್ಮ ಆಸೆಯಿಂದ ಒಂದು ಬೆರಳು ಚಾಚಿ ಕೆನ್ನೆ ಮುಟ್ಟಿದಳು. ಏನೂ ತಿಳಿಯಲಿಲ್ಲ. ಇನ್ನೊಂದು ಬೆರಳಿಟ್ಟಳು. ಬೆಚ್ಚಗಿದೆಯೋ ತಣ್ಣಗಿದೆಯೋ, ಮೆತ್ತಗಿದೆಯೋ ಒರಟಾಗಿದೆಯೋ, ಒಂದೂ ಇಲ್ಲ. ಕಣ್ಣಿಗೆ ಕೆನ್ನೆ ಕಾಣುತ್ತಿದೆ, ಬೆರಳು ಅದರ ಮೇಲೇ ಇದೆ. ಆದರೂ ಕೆನ್ನೆ ಸಿಗುತ್ತಿಲ್ಲ. ಲೋಟ ಜಾರಿದ ಹಾಗೆ ಇದೂ ಜಾರಿದರೆ? "ತಗೋಮ್ಮ, ಕೆಲಸ ಇದೆ ನಂಗೆ" ಎಂದು ಮಗುವನ್ನು ಮಗಳ ಕೈಗೆ ಕೊಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಅವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು, ಪಾದದ ಮುಂಭಾಗ ಮೇಲೇಳದೆ ತಡವರಿಸುತ್ತಿತ್ತು. ಮೇಲೆ ಮಗು ಅತ್ತರೆ ಕೆಳಗೆ ಕೈಯಲ್ಲಿದ್ದ ಬ್ರಷ್ಷು ನಿಂತುಬಿಡುತ್ತಿತ್ತು. ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಸುಮ್ಮನೆ ಎತ್ತಿಕೊಳ್ಳಿ ಎನ್ನುವ ಅಳು ಯಾವುದು ಎಂದು ಅವಳಿಗೆ ಹೆತ್ತವಳಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಪಕ್ಕದ ಮನೆಯವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಅಡ್ಡಾಡಿದರೆ ಅಂಟಮ್ಮನಿಗೆ ಹೊಟ್ಟೆಕಿಚ್ಚು. ಆ ಭಾರ ತನ್ನ ಹೆಗಲಿಗೆ ಒಂದೇ ಒಂದು ಸಲ ಬಿದ್ದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಕೈ ಕೆಟ್ಟಿದೆ ಎಂದರೆ ಮಗುವನ್ನು ಹತ್ತಿರಕ್ಕೂ ತರುವುದಿಲ್ಲವೇನೋ ಎಂಬ ಭಯ.

ಮಗಳು ಬೇರೆಯೇ ಅರ್ಥ ಮಾಡಿಕೊಂಡಳು. ಅಮ್ಮನಿಗೆ ಈ ಮಗು ಅಂದರೆ ಅಷ್ಟಕ್ಕಷ್ಟೇ ಎಂದು ಗಂಡನ ಹತ್ತಿರ ಕಣ್ಣೀರು ಹಾಕಿದಳು.

ಹೀಗಿರುವಾಗ ಒಂದು ಬೆಳಗ್ಗೆ ಮಗುವಿಗೆ ಲಸಿಕೆ ಹಾಕಲು ಆಸ್ಪತ್ರೆಯ ನರ್ಸಮ್ಮ ಬಂದಳು. ಮಗಳು ಮಗುವನ್ನು ಕೆಳಗೆ ತಂದಳು. ನರ್ಸಮ್ಮ ಸೂಜಿ ಸಿದ್ಧ ಮಾಡಿಕೊಳ್ಳುತ್ತ, "ಅಜ್ಜಿ, ನಿಮ್ಮ ಮಡಿಲಲ್ಲಿ ಮಲಗಿಸ್ಕೊಳ್ಳಿ. ಅಜ್ಜಿ ಮಡಿಲಲ್ಲಿ ಮಕ್ಕಳು ಕಡಿಮೆ ಅಳ್ತಾವೆ" ಎಂದಳು.

"ಬೇಡ, ಅವಳೇ ಹಿಡ್ಕೊಳ್ಳಲಿ" ಎಂದು ಅಂಟಮ್ಮ ಹಿಂದೆ ಸರಿದಳು.

ಮಗಳಿಗೆ ಇಷ್ಟು ದಿನ ತಡೆದದ್ದು ಉಕ್ಕಿತು. "ಬಿಡಿ ಸಿಸ್ಟರ್, ನಮ್ಮಮ್ಮನಿಗೆ ಬೂಟು ಮುಟ್ಟೋಕೆ ಪುರುಸೊತ್ತಿದೆ, ಮೊಮ್ಮಗಳನ್ನ ಮುಟ್ಟೋಕಿಲ್ಲ."

"ಮುಟ್ಟಿದ್ರೂ ಸಿಗ್ತಿಲ್ಲ ಕಣೇ!" ಅಂಟಮ್ಮನಿಗೇ ಗೊತ್ತಾಗದಂತೆ ಮಾತು ಹೊರಬಿತ್ತು. "ಅದರ ಕೆನ್ನೆ ನನ್ನ ಬೆರಳಿಗೆ ಸಿಗ್ತಾನೇ ಇಲ್ಲ. ಎಲ್ಲಿ ಕೆಡವಿಬಿಡ್ತೀನೋ ಅಂತ ದೂರ ನಿಂತಿದೀನಿ. ನಂಗೆ ಆಸೆ ಇಲ್ಲ ಅಂದ್ಕೊಂಡ್ಯಾ?"

ಮಗಳು ಅಮ್ಮನ ಕೈ ಹಿಡಿದುಕೊಂಡು ಅತ್ತಳು. ನರ್ಸಮ್ಮ ಮಗುವಿಗೆ ಲಸಿಕೆ ಹಾಕಿ ಮುಗಿಸಿ, ಅಂಟಮ್ಮನ ಎದುರು ಬಂದು ಕೂತಳು.

"ಅಮ್ಮ, ಕಣ್ಣು ಮುಚ್ಕೊಳ್ಳಿ. ನಾನು ಹತ್ತಿಯಿಂದ ಬೆರಳು ಮುಟ್ತೀನಿ. ಮುಟ್ಟಿದಾಗ 'ಹೂಂ' ಅನ್ನಿ."

ಜಗಲಿಯಲ್ಲಿದ್ದ ಮೇಸ್ತ್ರಿ ಗಲಾಟೆ ಕೇಳಿ ಒಳಗೆ ಬಂದಿದ್ದ. ಅವನು ನೋಡುತ್ತ ನಿಂತ. ನರ್ಸಮ್ಮ ತೋರುಬೆರಳು ಮುಟ್ಟಿದಳು, ಅಂಟಮ್ಮ ಸುಮ್ಮನಿದ್ದಳು. ಹೆಬ್ಬೆರಳು ಮುಟ್ಟಿದಳು, ಸುಮ್ಮನಿದ್ದಳು. ಆಮೇಲೆ ನರ್ಸಮ್ಮ ಹತ್ತಿಯನ್ನು ದೂರ ಇಟ್ಟು ಕೈ ಕಟ್ಟಿ ಕೂತಳು. ಆಗ ಅಂಟಮ್ಮ, ಸರಿಯಾದ ಉತ್ತರ ಕೊಡಬೇಕೆಂಬ ಆತುರದಲ್ಲಿ, "ಹೂಂ... ಹೂಂ, ಈಗ ಮುಟ್ಟಿದ್ರಿ" ಎಂದಳು.

ಮೇಸ್ತ್ರಿ ದೂರ ಇಟ್ಟಿದ್ದ ಹತ್ತಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಆದರೂ ಜಂಭ ಬಿಡಬೇಕಲ್ಲ! "ವಯಸ್ಸಾಯ್ತು. ಸಕ್ಕರೆ ಕಾಯಿಲೆ ಇರಬಹುದು" ಎಂದ.

"ಇರಬಹುದು. ಡಾಕ್ಟ್ರು ಅದನ್ನೂ ನೋಡ್ತಾರೆ. ಆದ್ರೆ ಯಜಮಾನ್ರೇ, ಈ ವಾಸನೆ ಏನು?"

"ಅಂಟು. ಥಿನ್ನರ್. ಕಸುಬು ಅಂದ್ಮೇಲೆ ವಾಸನೆ ಇರಲ್ವಾ? ಹುಡುಗ ಆಗಿದ್ದಾಗಿಂದ ಇದರಲ್ಲೇ ಇದೀನಿ, ನಂಗೇನಾಗಿದೆ?"

"ನೀವು ಕೂರೋದು ಜಗಲಿ ಮೇಲೆ. ಅಮ್ಮ ಕೂರೋದು ಮುಚ್ಚಿದ ಕೋಣೇಲಿ, ನೆಲದ ಮೇಲೆ. ಇದರ ಆವಿ ಗಾಳಿಗಿಂತ ಭಾರ, ಕೆಳಗೇ ಮಲಗಿರತ್ತೆ. ಇವರು ದಿನವಿಡೀ ಅದನ್ನೇ ಉಸಿರಾಡಿದ್ದಾರೆ. ಎಲ್ಲಿ, ಆ ಥಿನ್ನರ್ ಡಬ್ಬ ತೋರಿಸಿ."

ಮೇಸ್ತ್ರಿ ತಂದು ತೋರಿಸಿದ. ಅದು ಅಡುಗೆ ಎಣ್ಣೆಯ ಹಳೇ ಡಬ್ಬ. ಮೇಲೆ ನಗುತ್ತಿರುವ ದೊಡ್ಡ ಹಳದಿ ಹೂವಿನ ಚಿತ್ರ.

"ಹೂವೇನೋ ಚೆನ್ನಾಗಿದೆ. ಒಳಗಿರೋದು ಏನು?"

"ಥಿನ್ನರ್ ಅಂದ್ನಲ್ಲ."

"ಥಿನ್ನರ್ ಅನ್ನೋದು ಕೂಗೋ ಹೆಸರು. ಅದರೊಳಗೆ ಯಾವ ರಾಸಾಯನಿಕ ಇದೆ?"

ಮೇಸ್ತ್ರಿಗೆ ಗೊತ್ತಿರಲಿಲ್ಲ. ಅಂಗಡಿಯವನು ದೊಡ್ಡ ಡ್ರಮ್ಮಿನಿಂದ ಹಿಡಿದುಕೊಡುತ್ತಿದ್ದ, ಇವನು ತರುತ್ತಿದ್ದ, ಅಷ್ಟೇ. "ಹಾಗಾದ್ರೆ ಆ ಡ್ರಮ್ಮಿನ ಮೇಲೆ ಅಂಟಿಸಿರೋ ಚೀಟಿ ನೋಡ್ಕೊಂಡು ಬನ್ನಿ. ಅಮ್ಮನನ್ನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಆ ಕೋಣೆಗೆ ಮಾತ್ರ ಇನ್ನು ಕಳಿಸ್ಬೇಡಿ" ಎಂದಳು ನರ್ಸಮ್ಮ.

ಅಪ್ಪ, ಮಗಳು ಅಂಗಡಿಗೆ ಹೋದರು. ವರ್ಷಗಟ್ಟಲೆ ಹೋಗಿ ಬಂದ ಜಾಗ. ಡ್ರಮ್ಮು ಬಾಗಿಲಲ್ಲೇ ನಿಂತಿತ್ತು. ಮೇಸ್ತ್ರಿ ಇಷ್ಟು ಕಾಲ ಅದರ ನಲ್ಲಿಯನ್ನು ನೋಡಿದ್ದನೇ ಹೊರತು ಮೈಯನ್ನು ನೋಡಿರಲಿಲ್ಲ. ಈಗ ಬಗ್ಗಿ ನೋಡಿದ. ಮೂಲೆಯ ಮೇಲೆ ನಿಲ್ಲಿಸಿದಂಥ ಚೌಕಗಳು, ಕೆಂಪು ಅಂಚು, ಬಿಳಿಯ ಮೈ, ಒಳಗೆ ಕಪ್ಪು ಚಿತ್ರ. ಒಂದರಲ್ಲಿ ಬೆಂಕಿ. ಒಂದರಲ್ಲಿ ಆಶ್ಚರ್ಯ ಚಿಹ್ನೆ. ಒಂದರಲ್ಲಿ ಒಣಮರ, ಸತ್ತ ಮೀನು. ಇನ್ನೊಂದರಲ್ಲಿ ಒಬ್ಬ ಮನುಷ್ಯ, ಅವನ ಎದೆಯಲ್ಲಿ ನಕ್ಷತ್ರದ ಹಾಗೆ ಬಿರಿದ ಗುರುತು. ಮಗಳು ಫೋನಿನಲ್ಲಿ ಚಿತ್ರ ಹಿಡಿದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನು ಬಿಡಿಸಿ ಹೇಳಿದಳು. "ಇದರ ಹೆಸರು ಹೆಕ್ಸೇನ್, ಚೀಟಿ ಮೇಲೇ ಬರ್ದಿದೆ. ಈ ಗುರುತುಗಳು ಎಷ್ಟೋ ದೇಶಗಳಲ್ಲಿ ಒಂದೇ ಥರ ಇರ್ತಾವೆ. ಓದೋಕೆ ಬಾರದವರಿಗೂ ತಿಳೀಲಿ ಅಂತಾನೇ ಚಿತ್ರ. ಬೆಂಕಿ ಅಂದ್ರೆ ಬೇಗ ಹೊತ್ಕೊಳ್ಳತ್ತೆ, ಹತ್ತಿರ ಒಲೆ, ಬೀಡಿ ಬೇಡ. ಆಶ್ಚರ್ಯ ಚಿಹ್ನೆ ಅಂದ್ರೆ ಚರ್ಮಕ್ಕೆ ಉರಿ, ತಲೆಗೆ ಮಂಪರು. ಮೀನು ಅಂದ್ರೆ ಚರಂಡಿಗೆ ಸುರೀಬಾರದು. ಈ ಎದೆ ಬಿರಿದ ಮನುಷ್ಯ ಇದಾನಲ್ಲ, ಇವನನ್ನ ಮರೀಲೇಬೇಡಿ. ಇವತ್ತು ಏನೂ ಗೊತ್ತಾಗಲ್ಲ, ದಿನಾ ಉಸಿರಾಡ್ತಾ ಹೋದ್ರೆ ಒಳಗೊಳಗೇ ಅಂಗಾಂಗ ಕೆಡ್ತಾವೆ ಅಂತ ಅರ್ಥ. ಹೆಕ್ಸೇನ್ ತಿನ್ನೋದು ನರಗಳನ್ನ."

"ಪಕ್ಕದಲ್ಲಿ 'ಅಪಾಯ' ಅಂತ ಬರ್ದಿದೆ" ಎಂದಳು ಮಗಳು.

"'ಎಚ್ಚರಿಕೆ' ಅಂತಿದ್ರೆ ಸ್ವಲ್ಪ ಕಡಿಮೆ ತೀವ್ರತೆ. 'ಅಪಾಯ' ಅಂತಿದ್ರೆ ಹೆಚ್ಚು."

ಮೇಸ್ತ್ರಿ ತುಂಬ ಹೊತ್ತು ಆ ಚಿತ್ರವನ್ನೇ ನೋಡಿದ. "ಡ್ರಮ್ಮಿಂದ ಎಣ್ಣೆ ಡಬ್ಬಕ್ಕೆ ಸುರಿದಾಗ ಈ ಚೀಟಿ ಅಲ್ಲೇ ಉಳೀತು" ಎಂದ. "ಮನೆಗೆ ಬಂದಿದ್ದು ಹೂವು."

ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಇರಲಿಲ್ಲ. ಕೈಕಾಲಿನ ನರಗಳು ಸೊರಗಿದ್ದವು. "ಅಂಟಿನ ಕೆಲಸ ಪೂರ್ತಿ ಬಿಡಬೇಕು. ಬಿಟ್ಟ ಮೇಲೂ ಕೆಲವು ವಾರ, ತಿಂಗಳು ಜಾಸ್ತಿಯಾಗಬಹುದು, ಹೆದರಬೇಡಿ. ನರ ಚಿಗುರೋದು ನಿಧಾನ. ಪೂರ್ತಿ ಮೊದಲಿನ ಹಾಗೆ ಆಗತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು.

ಮೇಸ್ತ್ರಿ ಆ ವಾರವೇ ಅಂಟಿನ ಕೆಲಸವನ್ನು ಕೋಣೆಯಿಂದ ಹಿತ್ತಲಿನ ತೆರೆದ ಚಪ್ಪರಕ್ಕೆ ಸಾಗಿಸಿದ. ಆದಷ್ಟು ಜೋಡಿಗಳಿಗೆ ನೀರಿನಲ್ಲಿ ಕಲಸಿದ ಅಂಟನ್ನೇ ತಂದ. ಅದು ಒಣಗಲು ತಡವೆಂದು ದಿನವೂ ಗೊಣಗಿದ, ಆದರೂ ಬಿಡಲಿಲ್ಲ. ಥಿನ್ನರ್ ಬೇಕೇಬೇಕಾದ ಕೆಲಸಕ್ಕೆ ಚೀಟಿ ಇರುವ ಚಿಕ್ಕ ಡಬ್ಬವನ್ನೇ ಕೊಂಡ. ಬೇಕಾದಷ್ಟೇ ತೆಗೆದು ತಕ್ಷಣ ಮುಚ್ಚಳ ಹಾಕಿದ. ನರ್ಸಮ್ಮ ಹೇಳಿದ ಕೈಗವಸು ಹಾಕಿಕೊಂಡ. ಮೂಗಿಗೆ ಬಟ್ಟೆ ಕಟ್ಟಿದರೆ ಆವಿ ನಿಲ್ಲುವುದಿಲ್ಲ ಎಂದು ತಿಳಿದು, ಆವಿ ಹೀರುವ ಇದ್ದಿಲು ತುಂಬಿದ ಡಬ್ಬಿಯಿರುವ ಮಾಸ್ಕೇ ತಂದ. ಅದನ್ನು ಹಾಕಿಕೊಂಡರೆ ಥೇಟ್ ಕಪ್ಪೆಯ ಹಾಗೆ ಕಾಣುತ್ತಿದ್ದ. ಬೀದಿಯವರು ನಕ್ಕರು. ಈ ಸಲ ಅವನು ನಗಲಿ ಎಂದು ಬಿಟ್ಟುಬಿಟ್ಟ.

ಡಾಕ್ಟರು ಹೇಳಿದಂತೆಯೇ ಅಂಟಮ್ಮನ ಕಾಲು ಮೊದಲು ಇನ್ನೂ ಸೋತಿತು. ಗೋಡೆ ಹಿಡಿಯದೆ ನಡೆಯಲಾಗಲಿಲ್ಲ. "ಬಿಟ್ಟ ಮೇಲೂ ಹೀಗಾದ್ರೆ ಬಿಟ್ಟು ಏನು ಬಂತು?" ಎಂದು ಮೇಸ್ತ್ರಿ ಕಂಗಾಲಾದ. "ಡಾಕ್ಟ್ರು ಮೊದಲೇ ಹೇಳಿಲ್ವಾ ಅಪ್ಪ?" ಎಂದು ಮಗಳು ಗದರಿದಳು. ದಿನವೂ ಮಗುವನ್ನು ಕೆಳಗೆ ತಂದು, ಚಾಪೆಯ ಮೇಲೆ ಅಮ್ಮನ ಪಕ್ಕದಲ್ಲಿ ಮಲಗಿಸಿ, ತಾನೂ ಅಲ್ಲೇ ಕೂರುತ್ತಿದ್ದಳು. ಅಂಟಮ್ಮ ಮಗುವನ್ನು ತುಟಿಯಿಂದ ಮುಟ್ಟುತ್ತಿದ್ದಳು, ಕೆನ್ನೆಗೆ ಕೆನ್ನೆ ಇಡುತ್ತಿದ್ದಳು. ಕೈ ಮಾತ್ರ ಹಸಿದೇ ಇತ್ತು.

ಮಗು ಬೋರಲು ಬಿತ್ತು, ತೆವಳಿತು, ಗೋಡೆ ಹಿಡಿದು ನಿಂತಿತು. ಅಂಟಮ್ಮನೂ ಗೋಡೆ ಬಿಟ್ಟು ನಿಧಾನವಾಗಿ ಹೆಜ್ಜೆ ಹಾಕತೊಡಗಿದಳು. ಒಂದು ಬೆಳಗ್ಗೆ ಮಗು ಅಜ್ಜಿಯ ಬೆರಳನ್ನು ಎಳೆದು ಬಾಯಿಗಿಟ್ಟುಕೊಂಡು, ಹೊಸ ಹಲ್ಲುಗಳಿಂದ ಗಟ್ಟಿಯಾಗಿ ಕಚ್ಚಿತು.

"ಅಯ್ಯೋ!" ಎಂದು ಅಂಟಮ್ಮ ಕಿರುಚಿದಳು.

ಮೇಸ್ತ್ರಿ ಜಗಲಿಯಿಂದ ಓಡಿಬಂದ. ಮಗಳು ಮೆಟ್ಟಿಲಿಳಿದು ಬಂದಳು. ಅಂಟಮ್ಮ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೇ ಇರಲಿಲ್ಲ. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ನೋಯ್ತಿದೆ ರೀ! ಬೆರಳು ನೋಯ್ತಿದೆ! ಕಚ್ಚು ನನ್ನ ತಾಯಿ, ಇನ್ನೊಂದು ಸಲ ಕಚ್ಚು!"

ಅಂಟಮ್ಮ ಈಗ ಮೊಮ್ಮಗಳನ್ನು ಎತ್ತಿಕೊಳ್ಳುತ್ತಾಳೆ, ಕೂತುಕೊಂಡು. ಕಾಲ್ಬೆರಳುಗಳು ಇನ್ನೂ ಮರಗಟ್ಟಿಯೇ ಇವೆ. ಮೊಮ್ಮಗಳ ಕೆನ್ನೆ ಬೆರಳಿಗೆ ಸಿಗುತ್ತದೆ, ಆದರೆ ಅದು ಓಡಾಡುವ ಮಗುವಿನ ಕೆನ್ನೆ. ಹುಟ್ಟಿದ ಹೊಸತರಲ್ಲಿದ್ದ ಆ ಎಳೆಗೆನ್ನೆ ಹೇಗಿತ್ತು ಎಂದು ಅವಳು ಮಗಳನ್ನು ಕೇಳುತ್ತಾಳೆ. "ಮೆತ್ತಗಿತ್ತಮ್ಮ" ಎನ್ನುತ್ತಾಳೆ ಮಗಳು. "ಎಷ್ಟು ಮೆತ್ತಗೆ?" ಎಂದು ಅಂಟಮ್ಮ ಮತ್ತೆ ಕೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನೀವು ಕೆಲಸ ಮಾಡುವ ಜಾಗದ ಡಬ್ಬ, ಬಾಟಲಿಗಳನ್ನು ಒಮ್ಮೆ ತಿರುಗಿಸಿ ನೋಡಿ. ಕೆಂಪು ಅಂಚಿನ ಚೌಕ ಇದೆಯೇ? ಯಾವ ಚಿತ್ರ? ಚೀಟಿಯೇ ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ, ಬಳಸಬೇಡಿ. ಮಾರುವವರಿಂದ ಸುರಕ್ಷತಾ ಮಾಹಿತಿ ಕೇಳಿ ಪಡೆಯಿರಿ. ತಿನ್ನುವ, ಕುಡಿಯುವ ಪದಾರ್ಥದ ಡಬ್ಬಕ್ಕೆ ರಾಸಾಯನಿಕ ಸುರಿಯಲೇಬೇಡಿ. ಯಾರಾದರೂ ತಪ್ಪಿ ಕುಡಿದರೆ ವಾಂತಿ ಮಾಡಿಸದೆ, ಚೀಟಿಯ ಸಮೇತ ಆಸ್ಪತ್ರೆಗೆ ಓಡಿ. ಥಿನ್ನರಿನಲ್ಲಿ ಕೈ ತೊಳೆಯಬೇಡಿ. ಕಿಟಕಿ ತೆರೆಯಿರಿ, ಅಂಟು ಕೆನೆ ಕಟ್ಟಿದರೆ ಕಟ್ಟಲಿ. ಕೈಕಾಲು ಜುಮ್ಮೆಂದರೆ ನಕ್ಕು ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ, ಏನು ಕೆಲಸ ಮಾಡುತ್ತೀರೆಂದು ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯ ಮಗುವಿನ ಕೆನ್ನೆ ಹೇಗಿದೆ ಎಂದು ನೀವು ಇನ್ನೊಬ್ಬರನ್ನು ಕೇಳುವಂತೆ ಆಗದಿರಲಿ.