ಪೆಡಲ್ ಒತ್ತಿ ಮೂವತ್ತು ಎಣಿಸಿ

ನಾನು ದಿನಕ್ಕೆ ಇನ್ನೂರು ಕಿಲೋಮೀಟರ್ ಪಿಕಪ್ ಓಡಿಸುತ್ತೇನೆ. ಸಂಜೆ ಇಳಿಯುವಾಗ ಬೆಳಿಗ್ಗೆ ಹತ್ತಿದ ಜಾಗದಲ್ಲೇ ಇರುತ್ತೇನೆ.

ಹೊಸ ಗಾಡಿಗಳನ್ನು ಪರೀಕ್ಷಿಸುವ ಈ ಕೋಣೆಗೆ ಕಿಟಕಿಯಿಲ್ಲ. ನೆಲದಲ್ಲಿ ಹುದುಗಿಸಿದ ಉಕ್ಕಿನ ರೋಲರ್‌ಗಳ ಮೇಲೆ ಪಿಕಪ್ಪಿನ ಚಕ್ರಗಳು ಕೂತಿವೆ. ನಾಲ್ಕು ಮೂಲೆಗೂ ಪಟ್ಟಿ ಹಾಕಿ ನೆಲದ ಕೊಂಡಿಗಳಿಗೆ ಬಿಗಿದಿದ್ದಾರೆ. ಮುಂದೆ ಆಳೆತ್ತರದ ಫ್ಯಾನು. ನಾನು ವೇಗ ಹೆಚ್ಚಿಸಿದಂತೆ ಅದೂ ಗಾಳಿ ಹೆಚ್ಚಿಸುತ್ತದೆ. ಸ್ಟೀರಿಂಗಿನ ಪಕ್ಕದ ಸ್ಕ್ರೀನಿನಲ್ಲಿ ಒಂದು ಗೆರೆ ಏರುತ್ತದೆ, ಇಳಿಯುತ್ತದೆ, ಸಿಗ್ನಲ್ ಬಿದ್ದಂತೆ ಸೊನ್ನೆಗೆ ಬಂದು ನಿಲ್ಲುತ್ತದೆ. ನನ್ನ ವೇಗ ಒಂದು ಹಸಿರು ಚುಕ್ಕೆ. ಚುಕ್ಕೆ ಗೆರೆಯ ಮೇಲಿರಬೇಕು, ಅಷ್ಟೇ ಕೆಲಸ. ಓಟ ಶುರುವಾದ ಮೇಲೆ ಬಾಗಿಲು ತೆರೆಯುವಂತಿಲ್ಲ. ಒಳಗಿನ ಬಿಸಿ ಇಪ್ಪತ್ತಮೂರು ಡಿಗ್ರಿಯಿಂದ ಕದಲಬಾರದು.

ಒಂಬತ್ತು ವರ್ಷದಲ್ಲಿ ನನ್ನ ಚುಕ್ಕೆ ಒಮ್ಮೆಯೂ ದಾರಿ ತಪ್ಪಿರಲಿಲ್ಲ. ಅದಕ್ಕೇ ಇಲ್ಲಿ ನನ್ನ ಹೆಸರು ಗೆರೆ. ಆ ಹೆಸರಿಟ್ಟವನು ನನ್ನ ಭಾಮೈದ, ಹೆಂಡತಿಯ ತಮ್ಮ. ಗಾಜಿನ ಆಚೆ ಕೂತು ಯಂತ್ರ ನೋಡಿಕೊಳ್ಳುತ್ತಾನೆ. ನಾನು ರಜೆ ಹಾಕಿದರೆ ಅವನೇ ಓಡಿಸಬೇಕು. ಅದಕ್ಕೆ ಬೇಕಾದ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿದ್ದಾನೆ.

"ಏನ್ ಭಾವ, ಎಲ್ಲಿವರೆಗೆ ಬಂತು ಸವಾರಿ?" ಎಂದು ಸ್ಪೀಕರಿನಲ್ಲಿ ಕೇಳುತ್ತಾನೆ.

"ಫ್ಯಾನ್‌ವರೆಗೆ."

"ನಿಧಾನ, ಗುದ್ದೀಯಾ."

ಈ ಸಲದ ಪ್ರಶ್ನೆ ಸರಳವಾಗಿತ್ತು. ಗೇರ್ ಬದಲಾಗುವ ಮೋಡ್ ಬದಲಿಸಿದರೆ ಈ ಪಿಕಪ್ ಕುಡಿಯುವ ಡೀಸೆಲ್ ಎಷ್ಟು ಬದಲಾಗುತ್ತದೆ? ಗೇರಿನ ಪಕ್ಕದ ತಿರುಗುಗುಂಡಿಯಲ್ಲಿ ನಾಲ್ಕು ಗುರುತು: ಉಳಿತಾಯ, ಸಾಮಾನ್ಯ, ಸ್ಪೋರ್ಟ್, ಕೈಯಾರೆ. ಉಳಿತಾಯದಲ್ಲಿ ಗೇರ್‌ಬಾಕ್ಸ್ ಬೇಗ ಬೇಗ ಮೇಲಿನ ಗೇರಿಗೆ ಹೋಗಿ ಎಂಜಿನ್ನನ್ನು ತಣ್ಣಗೆ ತಿರುಗಿಸುತ್ತದೆ. ಸ್ಪೋರ್ಟಿನಲ್ಲಿ ಕೆಳಗಿನ ಗೇರನ್ನೇ ಹಿಡಿದುಕೊಂಡು ಕೂಗಾಡುತ್ತದೆ. ಕೈಯಾರೆಯಲ್ಲಿ ಯಾವ ಗೇರು ಯಾವಾಗ ಎಂದು ಹೇಳುವವನು ನಾನು. ಮಿಕ್ಕಿದ್ದೆಲ್ಲ ಒಂದೇ ಇರಬೇಕು: ಅದೇ ಡೀಸೆಲ್, ಅದೇ ಗೆರೆ, ಅದೇ ಕಾಲು. ಕಾಲು ಬದಲಾದರೆ ವ್ಯತ್ಯಾಸ ಮೋಡಿನದೋ ಕಾಲಿನದೋ ತಿಳಿಯುವುದಿಲ್ಲ.

ಹನ್ನೊಂದು ವಾರ ಓಡಿಸಿದೆ. ಲೀಟರಿಗೆ ಸ್ಪೋರ್ಟಿನಲ್ಲಿ ಒಂಬತ್ತೂವರೆ ಕಿಲೋಮೀಟರ್, ಸಾಮಾನ್ಯದಲ್ಲೂ ಕೈಯಾರೆಯಲ್ಲೂ ಹನ್ನೊಂದು, ಉಳಿತಾಯದಲ್ಲಿ ಹೆಚ್ಚುಕಡಿಮೆ ಹನ್ನೆರಡು. ಎಂಜಿನಿಯರ್ ಮೇಡಂ ಆ ಹನ್ನೆರಡನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ದರು.

ನನಗೆ ಬೇಕಾಗಿದ್ದು ಬೇರೆ. ಗಾಡಿಗಳನ್ನು ನಿಜವಾದ ರಸ್ತೆಯಲ್ಲಿ ಓಡಿಸಿ ಪರೀಕ್ಷಿಸುವ ರಸ್ತೆ ತಂಡ ಸೋಮವಾರ ಹೊರಡುವುದಿತ್ತು. ಆರು ತಿಂಗಳು, ಬೆಟ್ಟ, ಬಯಲು, ಕಡಲ ದಂಡೆ. ಅದರಲ್ಲಿ ಒಬ್ಬ ಚಾಲಕನ ಜಾಗ ಖಾಲಿ. ಶುಕ್ರವಾರ ನಾಲ್ಕು ಗಂಟೆಯೊಳಗೆ ಮೇಡಂ ಒಂದು ಹೆಸರು ಕೊಡಬೇಕು. "ನಿಮ್ಮ ಲೆಕ್ಕಾನ ಎರಡನೇ ಚಾಲಕ ಒಂದ್ಸಲ ಓಡಿಸಿ ತಾಳೆ ನೋಡ್ಲಿ. ಹೊಂದಿದ್ರೆ ನೀವೇ ಹೊರಡಿ," ಅಂದಿದ್ದರು. ಹೆಂಡತಿ ಬೆಟ್ಟದ ಚಳಿಗೆಂದು ನೀಲಿ ಸ್ವೆಟರ್ ತಂದಳು. ಬ್ಯಾಗು ತುಂಬಿ ಬಾಗಿಲ ಹಿಂದೆ ನಿಂತು ಹತ್ತು ದಿನವಾಗಿತ್ತು.

"ನಿಜವಾದ ರಸ್ತೇಲಿ ತಿರುವು ಇರುತ್ತೆ, ನೆನಪಿದೆಯಾ?" ಎಂದು ಅವಳು ನಕ್ಕಳು. "ಸ್ಟೀರಿಂಗ್ ತಿರುಗಿಸ್ಬೇಕು ರೀ. ಬರೀ ಕಾಲಾಡಿಸಿದ್ರೆ ಆಗಲ್ಲ."

ಶುಕ್ರವಾರ ಬೆಳಿಗ್ಗೆ ಭಾಮೈದ ಓಡಿಸಿದ. ಗಾಜಿನಾಚೆ ನಾನು ಕೂತೆ. ಅವನ ಚುಕ್ಕೆ ಗೆರೆಯ ಮೇಲೆ ಸ್ವಲ್ಪ ಕುಣಿಯುತ್ತದೆ, ಆದರೆ ಮಿತಿ ದಾಟುವುದಿಲ್ಲ. ಸಾಮಾನ್ಯ ಹೊಂದಿತು. ಸ್ಪೋರ್ಟ್ ಹೊಂದಿತು. ಕೈಯಾರೆಯೂ ಹೊಂದಿತು. ಉಳಿತಾಯಕ್ಕೆ ತಿರುಗಿಸಿದ ಮೇಲೆ ಗೇರ್‌ಬಾಕ್ಸಿಗೆ ಏನೋ ಆಯಿತು. ಆರಕ್ಕೇರುತ್ತದೆ, ಅವನು ತುಸು ಒತ್ತಿದ ತಕ್ಷಣ ಐದಕ್ಕಿಳಿಯುತ್ತದೆ, ಮತ್ತೆ ಆರು, ಮತ್ತೆ ಐದು. ಮಧ್ಯಾಹ್ನ ಬಂದ ಉತ್ತರ ಹತ್ತೂ ಮುಕ್ಕಾಲು. ಉಳಿತಾಯವೆನ್ನುವುದು ಸಾಮಾನ್ಯಕ್ಕಿಂತ ಹೆಚ್ಚು ಕುಡಿದಿತ್ತು.

ಅದು ಯಾಕೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಈ ಗೇರ್‌ಬಾಕ್ಸ್ ಉಳಿತಾಯದಲ್ಲಿ ಮಾತ್ರ ಓಡಿಸುವವನ ಕಾಲನ್ನು ಕಲಿಯುತ್ತದೆ. ಮೆತ್ತಗಿನ ಕಾಲಾದರೆ ಇನ್ನೂ ಬೇಗ ಗೇರ್ ಏರಿಸಲು ಧೈರ್ಯ ಮಾಡುತ್ತದೆ. ಅದಕ್ಕೇ ಪ್ರತಿ ಬೆಳಿಗ್ಗೆ ಓಟಕ್ಕೆ ಮುಂಚೆ ಕಲಿತದ್ದನ್ನು ಮರೆಸಬೇಕು. ತಪಾಸಣೆ ಹಾಳೆಯ ಏಳನೇ ಸಾಲು: ಕೀಲಿ ತಿರುಗಿಸಿ, ಪೆಡಲನ್ನು ಪೂರ್ತಿ ಒತ್ತಿ ಮೂವತ್ತು ಎಣಿಸಿ. ಮೊದಲ ವಾರ ಎಣಿಸಿದೆ. ಮರೆತ ಗೇರ್‌ಬಾಕ್ಸ್ ಅರ್ಧ ದಿನ ಮುಗ್ಗರಿಸುತ್ತದೆ. ಒಂದು ಮುಗ್ಗರಿಕೆಯಲ್ಲಿ ನನ್ನ ಚುಕ್ಕೆ ಗೆರೆಯ ಅಂಚಿಗೆ ಬಂತು, ಭಾಮೈದ ಸ್ಪೀಕರಿನಲ್ಲಿ ಸೀಟಿ ಹೊಡೆದ. ಮರುದಿನದಿಂದ ಅವನು ಬರುವ ಮುಂಚೆ ಏಳನೇ ಸಾಲಿಗೆ ಸುಮ್ಮನೆ ಟಿಕ್ ಹಾಕಿದೆ. ದಿನ ಕಳೆದಂತೆ ಗಾಡಿ ನಾನು ಅಂದುಕೊಳ್ಳುವ ಮೊದಲೇ ಗೇರ್ ಬದಲಿಸತೊಡಗಿತು. ನಾನು ಹಿಗ್ಗಿದೆ. ಶುಕ್ರವಾರ ಬೆಳಿಗ್ಗೆಯೂ ಹಾಗೇ ಟಿಕ್ ಹಾಕಿದ್ದೆ, ನನ್ನ ಕಾಲನ್ನೇ ಕಲಿತಿದ್ದ ಗೇರ್‌ಬಾಕ್ಸಿಗೆ ಭಾಮೈದನ ಕಾಲು ಅರ್ಥವಾಗಲಿಲ್ಲ.

ಎರಡೂವರೆಗೆ ಮೇಡಂ ಹಾಳೆಗಳ ಕಟ್ಟು ಹಿಡಿದು ಬಂದರು. ಭಾಮೈದ ಗೋಡೆಗೊರಗಿ ನಿಂತಿದ್ದ, ಕಿವಿ ಕೆಂಪಾಗಿತ್ತು.

"ದಿನಾ ಮರೆಸಿದೀರಲ್ವಾ?" ಎಂದು ನನ್ನನ್ನು ಕೇಳಿದರು. "ಟಿಕ್ ಇದೆ. ಸುಮ್ನೆ ಕೇಳ್ತಿದೀನಿ. ನೀವು ಹೂಂ ಅಂದ್ರೆ ತಪ್ಪು ಇವ್ರ ಕಾಲಿಂದು ಅಂತ ಬರೀತೀನಿ. ಇವ್ರಿಗೆ ಇಲ್ಲಿ ಓಡಿಸೋಕೆ ಕೊಟ್ಟಿರೋ ಪರವಾನಗಿ ವಾಪಸ್ ತಗೋಬೇಕಾಗುತ್ತೆ."

"ನನ್ನ ಕಾಲು ಸ್ವಲ್ಪ ಭಾರಾನೇ ಮೇಡಂ," ಎಂದ ಭಾಮೈದ. "ಭಾವನ ಹಾಗೆ ಬರಲ್ಲ ನಂಗೆ."

ಅವನು ನನ್ನನ್ನು ನೋಡಿ ಹಲ್ಲು ಕಿರಿದ. ಬೈಸಿಕೊಂಡವನ ನಗು. ಗೋಡೆಯ ಗಡಿಯಾರದಲ್ಲಿ ಎರಡು ಮೂವತ್ತಾರು. ಹೂಂ ಎಂದರೆ ಸೋಮವಾರ ಬೆಟ್ಟ. ಹೂಂ ಅನ್ನುವುದಕ್ಕೆ ಬಾಯಿ ತೆರೆಯುವುದೂ ಬೇಡ, ತಲೆಯಾಡಿಸಿದರೆ ಸಾಕು. ನಾನು ತಲೆಯಾಡಿಸಿದೆ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಇಲ್ಲ," ಎಂದೆ. "ಮೊದಲ ವಾರ ಬಿಟ್ರೆ ಒಂದು ದಿನವೂ ಮರೆಸಿಲ್ಲ."

"ಮತ್ತೆ ತಲೆ ಆಡಿಸಿದ್ರಿ?"

"ಅದು ಸುಳ್ಳು."

ಅವರು ಟಿಕ್ ಹಾಕಿದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಬೈದಿದ್ದರೆ ಹಗುರವಾಗುತ್ತಿತ್ತು. "ಉಳಿತಾಯದ್ದೆಲ್ಲ ಕಸಕ್ಕೆ ಹೋಯ್ತು," ಎಂದರು ಕೊನೆಗೆ. "ಮೊದಲಿಂದ ಓಡಿಸ್ಬೇಕು. ಮಿಕ್ಕ ಮೂರು ಮೋಡೂ ನಿಮ್ಮ ಕಾಲಲ್ಲೇ ಅಳೆದಿರೋದು. ಇದಕ್ಕೂ ನೀವೇ ಬೇಕು. ಬೇರೆಯವರನ್ನ ಹಾಕೋಕಾಗಲ್ಲ, ನಿಮ್ಮನ್ನ ಬಿಡೋಕೂ ಆಗಲ್ಲ." ಪೆನ್ನಿನ ಮುಚ್ಚಳ ಹಾಕಿದವರು ಮತ್ತೆ ತೆಗೆದು ಭಾಮೈದನ ಕಡೆ ತಿರುಗಿದರು. "ನಾಲ್ಕು ಗಂಟೆಗೆ ನಾನೊಂದು ಹೆಸರು ಕೊಡಲೇಬೇಕು. ನಿಮಗೆ ಬೆಟ್ಟದ ರಸ್ತೆ ಅಭ್ಯಾಸ ಇದೆಯಾ?"

ಮೇಡಂ ಹೋದ ಮೇಲೆ ಅವನು ನನ್ನ ಹತ್ತಿರ ಬಂದ. "ಭಾವ, ನಾನು ಕೇಳಿದ್ದಲ್ಲ."

"ಗೊತ್ತು ಮಾರಾಯ."

"ಬೇಡ ಅಂತೀನಿ, ಬಿಡು."

"ಬಾಯ್ಮುಚ್ಚಿಕೊಂಡು ಹೋಗು. ನಿಮ್ಮಕ್ಕನ ಹತ್ರ ನೀಲಿ ಸ್ವೆಟರ್ ಇದೆ, ಇಸ್ಕೋ. ಹೊಟ್ಟೆ ಹತ್ರ ಬಿಗಿಯಾಗುತ್ತೆ ನಿಂಗೆ."

ಸೋಮವಾರ ಆರೂವರೆಗೆ ಬಾಗಿಲು ಮುಚ್ಚಿಕೊಂಡಿತು. ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದೆ. ಹತ್ತಿ ಕೂತು, ಕೀಲಿ ತಿರುಗಿಸಿ, ಪೆಡಲನ್ನು ನೆಲಕ್ಕೆ ಒತ್ತಿದೆ. ಗಾಜಿನಾಚೆ ಮೇಡಂ ತಾವೇ ಕೂತಿದ್ದರು. ಇನ್ನು ದಿನಾ ಕೂರುವರಂತೆ. ಬಾಯಿ ಬಿಟ್ಟು ಎಣಿಸಬೇಕೆಂದು ಅವರ ಅಪ್ಪಣೆ. ಇಪ್ಪತ್ತಕ್ಕೆ, ರಸ್ತೆ ತಂಡ ಈಗ ಗೇಟು ದಾಟುತ್ತಿರಬಹುದು ಎಂದುಕೊಂಡೆ. ಈ ಕೋಣೆಗೆ ಹೊರಗಿನ ಹಾರ್ನ್ ಕೇಳಿಸುವುದಿಲ್ಲ. ಮೂವತ್ತು.

ಗೆರೆ ಏರತೊಡಗಿತು. ಮೂರರಿಂದ ನಾಲ್ಕನೇ ಗೇರಿಗೆ ಹೋಗುವಾಗ ಗಾಡಿ ನನ್ನನ್ನು ಕಂಡೇ ಇಲ್ಲ ಎನ್ನುವಂತೆ ಮುಗ್ಗರಿಸಿತು. ಪಟ್ಟಿಗಳು ಕಿರುಗುಟ್ಟಿದವು. ಹಸಿರು ಚುಕ್ಕೆ ಗೆರೆಯನ್ನು ಬಿಟ್ಟು ಹೊರಗೆ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು. ಸ್ಪೀಕರಿನಲ್ಲಿ ಯಾರೂ ಸೀಟಿ ಹೊಡೆಯಲಿಲ್ಲ.

"ಪರವಾಗಿಲ್ಲ," ಎಂದರು ಮೇಡಂ. "ವಾಪಸ್ ತನ್ನಿ."

ಮೆಲ್ಲಗೆ ಕಾಲೆತ್ತಿ ವಾಪಸ್ ತಂದೆ.