ಬುಧವಾರದ ಗಾಡಿ, ಗುರುವಾರದ ಇನ್ಶೂರೆನ್ಸು

ಕೋನಪ್ಪನ ಮೆಟಡಾರ್ ಆಂಜಿನಮ್ಮನ ಬಲಗಾಲಿನ ಮೇಲೆ ಹತ್ತಿದ್ದು ಒಂದು ಬುಧವಾರ, ಸಂಜೆ ದೀಪ ಹಚ್ಚುವ ಹೊತ್ತಿಗೆ. ದಿಬ್ಬೂರಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಪಕ್ಕದ ಹಳ್ಳಿಯ ಮಕ್ಕಳಿಗೆ ಚುಚ್ಚುಮದ್ದು ಹಾಕಿ, ಲಸಿಕೆಯ ಡಬ್ಬಿ ಹೆಗಲಿಗೆ ನೇತುಹಾಕಿಕೊಂಡು ರಸ್ತೆಯ ಅಂಚಿನಲ್ಲೇ ನಡೆದು ಬರುತ್ತಿದ್ದಳು. ಹಿಂದಿನಿಂದ ಗಾಡಿಯ ಸದ್ದು ಕೇಳಿ ಇನ್ನೂ ಪಕ್ಕಕ್ಕೆ ಸರಿದಳು. ಸರಿದರೂ ಬಿಡಲಿಲ್ಲ.

ಗಾಡಿ ಓಡಿಸುತ್ತಿದ್ದವನು ಕೋನಪ್ಪನೇ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುಮನೆ, ಬಾಡಿಗೆಗೆ ಬಿಟ್ಟ ಗಾಡಿ, ಪಂಚಾಯ್ತಿಯಲ್ಲಿ ಮಾತು, ಎಲ್ಲ ಇದ್ದ ಮನುಷ್ಯ. ಜನ ಸೇರಿದ ಮೇಲೆ ವಿಧಿಯಿಲ್ಲದೆ ಅದೇ ಗಾಡಿಯಲ್ಲಿ, ಸೊಪ್ಪಿನ ಹೊರೆಗಳ ಮೇಲೆ ಅವಳನ್ನು ಮಲಗಿಸಿ ಚಿಂತಾಮಣಿಯ ಒಂದು ನರ್ಸಿಂಗ್ ಹೋಮಿಗೆ ತಂದ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಬಂದದ್ದು ಒಂದೇ ಮಾತು: "ಅಡ್ಡ ಬಂದ್ಳು ಕಣ್ರಪ್ಪ, ಅಡ್ಡ ಬಂದ್ಳು." ಅರೆಪ್ರಜ್ಞೆಯಲ್ಲೂ ಅವಳಿಗೆ ಅದು ಕೇಳಿಸುತ್ತಿತ್ತು.

ಮರುದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಪೂರ್ತಿ ಎಚ್ಚರವಾದಾಗ ಗಂಡ ಚೆನ್ನರಾಯಪ್ಪ ಪಕ್ಕದಲ್ಲಿದ್ದ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗುಮಾಸ್ತ. ಅತ್ತು ಅತ್ತು ಕಣ್ಣು ಊದಿದ್ದವು. ಮೊದಲು ಅವಳ ತಲೆ ಸವರಿದ. ಆಮೇಲೆ ಬಗ್ಗಿ ಪಿಸುಗುಟ್ಟಿದ.

"ಕಂಪ್ಲೇಂಟ್ ಕೊಟ್ಟಿದೀನಿ. ಗುರುವಾರ ಬೆಳಿಗ್ಗೆ ಆಯ್ತು ಅಂತ ಬರೆಸಿದೀನಿ. ಯಾರು ಕೇಳಿದ್ರೂ ಗುರುವಾರ ಅನ್ನು."

"ಬುಧವಾರ ಅಲ್ವಾ?"

"ಬುಧವಾರ ಆ ಗಾಡಿಗೆ ಇನ್ಶೂರೆನ್ಸ್ ಇರ್ಲಿಲ್ಲ ಕಣೇ."

ಯುಗಾದಿಗೆ ಮುಂಚೆಯೇ ಪಾಲಿಸಿ ಮುಗಿದಿತ್ತಂತೆ. ಇವತ್ತು ನಾಳೆ ಅಂತ ಕೋನಪ್ಪ ಕಟ್ಟಿರಲಿಲ್ಲ. ಗುರುವಾರ ಬೆಳಗಾಗುತ್ತಲೇ ಏಜೆಂಟ್ ಬಯ್ಯಪ್ಪನ ಮನೆಗೆ ಓಡಿ, ಏನೂ ಆಗಿಲ್ಲದವನ ಹಾಗೆ ದುಡ್ಡು ಕಟ್ಟಿ, ಆ ದಿನದಿಂದಲೇ ಇನ್ಶೂರೆನ್ಸ್ ಸಿಗುವ ಕವರ್ ನೋಟ್ ಮಾಡಿಸಿಕೊಂಡಿದ್ದ. ನರ್ಸಿಂಗ್ ಹೋಮಿನವರ ಬಾಯನ್ನೂ ಮುಚ್ಚಿಸಿದ್ದ. ಅಲ್ಲಿಂದ ನೇರವಾಗಿ ಚೆನ್ನರಾಯಪ್ಪನನ್ನು ಹುಡುಕಿಕೊಂಡು ಬಂದಿದ್ದ.

ಶುಕ್ರವಾರ ಕೋನಪ್ಪನೇ ವಾರ್ಡಿಗೆ ಬಂದ. ಸ್ಟೂಲ್ ಇದ್ದರೂ ಮಂಚದ ಮೇಲೆ, ಅವಳ ಕಾಲಿರಬೇಕಿದ್ದ ಜಾಗದಲ್ಲಿ ಕೂತ.

"ನೋಡಮ್ಮ ಆಂಜಿನಮ್ಮ, ಆಗಿದ್ದು ಆಗೋಯ್ತು. ಕಂಪೆನಿ ದುಡ್ಡು, ನಿಂದೂ ಅಲ್ಲ, ನಂದೂ ಅಲ್ಲ. ಒಂದು ದಿನ ಹಿಂದೆ ಮುಂದೆ ಅಂದ್ರೆ ಯಾರ ಗಂಟು ಹೋಗುತ್ತೆ?"

ಅವಳು ಗೋಡೆ ಕಡೆ ಮುಖ ತಿರುಗಿಸಿದಳು. ಈ ಮನುಷ್ಯನ ಸೊಸೆಗೆ ಹೆರಿಗೆ ನೋವು ಬಂದಾಗ ಇವಳನ್ನೇ ಕರೆಸಿದ್ದರು. ಒಳಕೋಣೆವರೆಗೂ ಬಿಟ್ಟುಕೊಂಡಿದ್ದರು. ಮಗು ಅತ್ತ ಮೇಲೆ ಕಾಫಿ ಕೊಟ್ಟದ್ದು ಅಂಗಳದಲ್ಲಿ. ಕುಡಿದ ಲೋಟ ತೊಳೆದು ಕೊಟ್ಟಿಗೆ ಗೂಟಕ್ಕೆ ಸಿಕ್ಕಿಸಿ ಹೋಗು ಅಂದಿದ್ದಳು ಅವನ ಹೆಂಡತಿ ಅಮ್ಮಾಜಮ್ಮ. ಅದನ್ನೂ ನುಂಗಿದ್ದಳು. ಈಗಲೂ ಸುಮ್ಮನಿದ್ದಳು. ಅವಳ ಮೌನವನ್ನು ಇಬ್ಬರು ಗಂಡಸರೂ ಒಪ್ಪಿಗೆ ಅಂದುಕೊಂಡರು.

ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಪರಿಹಾರದ ಕೇಸು ಹಾಕಿದರು. ವಕೀಲ ನರಸಿಂಹಪ್ಪ ಮುಚ್ಚುಮರೆ ಇಲ್ಲದೆ ಬಿಡಿಸಿ ಹೇಳಿದ.

"ರಸ್ತೆ ಮೇಲೆ ಓಡೋ ಗಾಡಿಗೆಲ್ಲ ಇನ್ಶೂರೆನ್ಸ್ ಇರಲೇಬೇಕು ಅಂತ ಕಾನೂನು. ಇದ್ರೆ ಗಾಡಿಯವನ ಬದಲು ಕಂಪೆನಿ ಕಟ್ಟುತ್ತೆ, ದುಡ್ಡು ಗ್ಯಾರಂಟಿ. ಇಲ್ದಿದ್ರೆ ಗಾಡಿಯವನೇ ಕಟ್ಬೇಕು. ಕೋರ್ಟು ಕಟ್ಟು ಅನ್ನುತ್ತೆ, ಅವನು ಕೈ ಎತ್ತಿಬಿಡ್ತಾನೆ, ಜಮೀನು ಹೆಂಡ್ತಿ ಹೆಸರಿಗೆ ಮಾಡ್ತಾನೆ. ನೀವು ಅವನ ಹಿಂದೆ ಅಲೀಬೇಕು."

"ಗುದ್ದಿದೋನು ಯಾರು ಅಂತಾನೇ ಗೊತ್ತಾಗದೆ ಹೋದ್ರೆ?" ಚೆನ್ನರಾಯಪ್ಪ ಕೇಳಿದ.

"ಅದಕ್ಕೆ ಸರ್ಕಾರದ ನಿಧಿ ಇದೆ, ಸ್ವಲ್ಪ ಕೊಡ್ತಾರೆ. ಆದ್ರೆ ನಿಮಗೆ ಗುದ್ದಿದೋನು ಗೊತ್ತಲ್ಲ. ಗೊತ್ತಿದ್ದು, ಅವನಿಗೆ ಇನ್ಶೂರೆನ್ಸ್ ಇಲ್ಲ ಅಂದ್ರೆ ಆ ನಿಧಿಯೂ ಇಲ್ಲ." ನರಸಿಂಹಪ್ಪ ಕನ್ನಡಕ ತೆಗೆದು ಒರೆಸಿದ. "ಗುರುವಾರ ಅಂತ ಕಂಪ್ಲೇಂಟ್ ಇದೆ. ನಾನು ಅಷ್ಟೇ ನೋಡೋದು."

ಕೇಸು ಎಳೆಯಿತು. ಆಂಜಿನಮ್ಮನಿಗೆ ಜೈಪುರದ ಕೃತಕ ಕಾಲು ಬಂತು. ಹಳ್ಳಿ ಸುತ್ತುವ ಕೆಲಸ ಬಿಡಿಸಿ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೂರಿಸಿದರು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಈಗ ಇನ್ನೊಬ್ಬ ನರ್ಸಿನ ಕೈಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದವು. ಅವಳು ಕೋಲೂರಿ ಬಸ್‌ಸ್ಟಾಪಿನಲ್ಲಿ ನಿಂತಾಗ ಕೋನಪ್ಪ ಅದೇ ಮೆಟಡಾರನ್ನು ಅದೇ ವೇಗದಲ್ಲಿ ತಂದು, ಅವಳ ಪಕ್ಕಕ್ಕೆ ಬಂದು ಹಾರನ್ ಒತ್ತುತ್ತಿದ್ದ. ಅವಳು ಬೆಚ್ಚುತ್ತಿದ್ದಳು. ಬೆಚ್ಚಿದ್ದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಟೀ ಅಂಗಡಿಯಲ್ಲಿ ಅವನು "ಆವಮ್ಮನಿಗೆ ಕಾಲು ಹೋದ್ರೂ ಮನೆ ಕಟ್ಟೋಷ್ಟು ಗಂಟು ಮಾಡಿಕೊಟ್ಟಿದೀನಿ" ಅಂತ ಹೇಳಿಕೊಂಡು ತಿರುಗುತ್ತಿದ್ದದ್ದೂ ಕಿವಿಗೆ ಬಿತ್ತು.

ಕೋರ್ಟಿನಲ್ಲಿ ಅವಳ ಹೇಳಿಕೆಯ ಹಿಂದಿನ ದಿನ ಕೋನಪ್ಪ ಮನೆ ಹತ್ತಿರ ಬಂದ. ಊರಾಚೆಯ ಕಾಲೋನಿಯ ಮನೆ, ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಚೆನ್ನರಾಯಪ್ಪ, ಒಂದು ಮಾತು. ಕಂಪೆನಿ ದುಡ್ಡು ಬಂದಾಗ ಮೂರರಲ್ಲಿ ಒಂದು ಪಾಲು ನಂಗೆ. ನಂಗೂ ಖರ್ಚಾಗಿದೆ."

ಚೆನ್ನರಾಯಪ್ಪ ತಡವರಿಸಿದ. "ಆಗ್ಲಿ ಅಣ್ಣ, ಅದೇನು ಕೂತು ಮಾತಾಡಣ..."

ಆಂಜಿನಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು.

"ನನ್ನ ಕಾಲಲ್ಲಿ ನಿಂಗೆ ಪಾಲಾ?"

ಆ ಬೀದಿಯವರು ಯಾರೂ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕೋನಪ್ಪನ ಮುಖ ಕೆಂಪಾಯಿತು.

"ಬಾಯಿ ಬಿಗಿ ಹಿಡಿ. ನಾನು ಆ ಕಾಗದ ಮಾಡಿಸ್ದೆ ಇದ್ದಿದ್ರೆ ನಿಂಗೆ ಚಿಪ್ಪೇ ಗತಿ."

"ನೀನು ಗಾಡಿ ನೆಟ್ಟಗೆ ಓಡಿಸಿದ್ರೆ ನಂಗೆ ಕಾಗದವೇ ಬೇಕಿರ್ಲಿಲ್ಲ. ಹೋಗು ಇಲ್ಲಿಂದ."

ಅವನು ಉಗಿದು ಹೋದ. ಚೆನ್ನರಾಯಪ್ಪ ತಲೆ ಚಚ್ಚಿಕೊಂಡ. "ಏನೇ ನಿಂಗೆ ಬುದ್ಧಿ? ನಾಳೆ ಒಂದು ದಿನ ತಡ್ಕೊಳ್ಳೋಕೆ ಆಗಲ್ವಾ? ಎರಡು ಪಾಲು ನಮಗೇ ಬರುತ್ತಲ್ಲ!" ಅವಳು ಒಳಗೆ ಹೋದಳು. ಒಲೆ ಹಚ್ಚಿದಳು, ಮುದ್ದೆಗೆ ಎಸರಿಟ್ಟಳು. ಇಬ್ಬರೂ ಬೆನ್ನು ತಿರುಗಿಸಿ ಕೂತು ಉಂಡರು.

ಮರುದಿನ ಕಟಕಟೆಯಲ್ಲಿ ಅವಳಿಗೆ ಕುರ್ಚಿ ಹಾಕಿಸಿಕೊಟ್ಟರು. ಕಂಪೆನಿ ಪರವಾಗಿ ಬಂದ ವಕೀಲನಿಗೆ ಅನುಮಾನ ಮೊದಲಿಂದಲೂ ಇತ್ತು. ಕವರ್ ನೋಟ್ ಆದ ದಿನವೇ ಅಪಘಾತವೂ ಆಗಿದೆಯಲ್ಲ! ಆದರೆ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಎದ್ದು, ಒಂದು ಸಲ ಕೇಳಿ ನೋಡೋಣ ಅನ್ನುವ ಧಾಟಿಯಲ್ಲಿ ಕೇಳಿದ.

"ಗಾಡಿ ಹೊಡೆದಿದ್ದು ಯಾವತ್ತಮ್ಮ?"

"ಬುಧವಾರ. ಸಂಜೆ."

ವಕೀಲನೇ ಒಂದು ಕ್ಷಣ ತಬ್ಬಿಬ್ಬಾದ. ನರಸಿಂಹಪ್ಪ ಪೆನ್ನು ಕೆಳಗಿಟ್ಟ. ಹಿಂದಿನ ಬೆಂಚಿನಿಂದ ಕೋನಪ್ಪ ಅರ್ಧ ಎದ್ದ. ನ್ಯಾಯಾಧೀಶರು ತಲೆಯೆತ್ತಿದರು.

"ನಿಮ್ಮ ಯಜಮಾನರು ಗುರುವಾರ ಅಂತ ಬರೆಸಿದಾರಲ್ಲ?"

"ಅದು ಸುಳ್ಳು ಸ್ವಾಮಿ. ಬರೆಸಿದಾಗ ನಂಗೆ ಪ್ರಜ್ಞೆ ಇರ್ಲಿಲ್ಲ. ಆಮೇಲೆ ಗೊತ್ತಾಯ್ತು, ಸುಮ್ನಿದ್ದೆ. ಅದು ನನ್ನ ತಪ್ಪು."

"ಹೀಗೆ ಹೇಳಿದ್ರೆ ಕಂಪೆನಿ ಏನೂ ಕೊಡಬೇಕಾಗಿಲ್ಲ. ತಿಳೀತಾ?"

"ತಿಳೀತು. ಗಾಡಿ ಓಡಿಸಿದೋರು ಕೊಡ್ಲಿ."

ಕಂಪೆನಿ ವಕೀಲ ಫೈಲು ಕಟ್ಟಿಕೊಂಡು ಕ್ಯಾಂಟೀನಿಗೆ ಹೋದ. ಹೋಗುವಾಗ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಚೆನ್ನರಾಯಪ್ಪನಿಗೆ ಆಮೇಲೆ ನ್ಯಾಯಾಧೀಶರಿಂದ ಸಿಕ್ಕ ಬೈಗುಳ ಅಷ್ಟಿಷ್ಟಲ್ಲ. ಸರ್ಕಾರಿ ನೌಕರಿ ಹೋಗುತ್ತೇನೋ ಅಂತ ಹೆದರಿ ತಪ್ಪೊಪ್ಪಿಗೆ ಬರೆದುಕೊಟ್ಟ. ಆ ಸಂಜೆ ಅವಳ ಜೊತೆ ಬಸ್ಸು ಹತ್ತಲಿಲ್ಲ. ಮನೆಯಲ್ಲೂ ಆ ವರ್ಷ ಮಳೆಗಾಲ ಮುಗಿಯುವವರೆಗೆ ಅವಳ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುವವನ ಹಾಗೆ ಹೇಳಿ ಹೋಗುತ್ತಿದ್ದ.

ತೀರ್ಪು ಬಂತು. ಕಂಪೆನಿಗೆ ಬಿಡುಗಡೆ, ಪೂರ್ತಿ ಪರಿಹಾರ ಕೋನಪ್ಪನ ತಲೆಗೆ. ನರಸಿಂಹಪ್ಪ ಹೇಳಿದ್ದ ಹಾಗೇ ಆಯಿತು. ಕೋನಪ್ಪ ಹೈಕೋರ್ಟಿಗೆ ಹೋದ, ಅಲ್ಲೂ ಸೋತ. ಅಷ್ಟರಲ್ಲಿ ಸ್ವಂತ ಜಮೀನನ್ನು ಅಮ್ಮಾಜಮ್ಮನ ಹೆಸರಿಗೆ ಬರೆದಿದ್ದ. ಗಾಡಿಯನ್ನು ಯಾರದೋ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಆಂಜಿನಮ್ಮ ಕೋಲೂರಿಕೊಂಡು ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಅಂತ ಅಲೆದಳು. ಕಚೇರಿಯವರು "ಬಾ, ಹೋಗು" ಆಡಿಸಿದರು. ಎಷ್ಟೋ ಸಲ ಬಸ್ಸಿನಲ್ಲಿ ಕೂತು, ಗಂಡ ಹೇಳಿದ್ದೇ ಸರಿಯಿತ್ತೇನೋ ಅಂತ ಯೋಚಿಸಿದಳು. ಮರುವಾರ ಮತ್ತೆ ಹೋದಳು.

ಕೊನೆಗೆ ಕೆಲಸಕ್ಕೆ ಬಂದದ್ದು ಕೋನಪ್ಪ ಮರೆತಿದ್ದ ಒಂದು ಸಂಗತಿ. ಅಪ್ಪನ ಕಾಲದ ಹಿಪ್ಪುನೇರಳೆ ತೋಟ ಇನ್ನೂ ಅಣ್ಣತಮ್ಮಂದಿರಲ್ಲಿ ಭಾಗವಾಗಿರಲಿಲ್ಲ. ಅದರಲ್ಲಿ ಅವನ ಪಾಲನ್ನು ಕಂದಾಯ ಬಾಕಿ ವಸೂಲಿ ಮಾಡುವ ಹಾಗೆ ಹರಾಜು ಹಾಕುತ್ತೇವೆ ಅಂತ ತಹಶೀಲ್ದಾರರು ನೋಟಿಸ್ ಅಂಟಿಸಿಬಿಟ್ಟರು. ಮರುದಿನವೇ ತಮ್ಮಂದಿರು ಅವನ ಮನೆ ಮುಂದೆ ಬಂದು ನಿಂತರು. ನಮ್ಮ ತೋಟಕ್ಕೆ ಹರಾಜಿನ ಕೂಗು ಹಾಕಿಸ್ತೀಯಾ ಅಂತ ಹೊಡೆದಾಟವೇ ಆಯಿತಂತೆ. ನೋಟಿಸ್ ಅಂಟಿಸಲು ಹೋದ ರೆವಿನ್ಯೂ ಇನ್‌ಸ್ಪೆಕ್ಟರರ ಜೊತೆ ಆಂಜಿನಮ್ಮನೂ ಹೋಗಿದ್ದಳು. ಅಮ್ಮಾಜಮ್ಮ ಅಂಗಳದಲ್ಲಿ ನಿಂತು ತೆಲುಗಿನಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದದ್ದೆಲ್ಲ ಬೈದಳು. "ನಾ ಮನವಡ್ನಿ, ನನ್ನ ಮೊಮ್ಮಗನ್ನ, ನಿನ್ನ ಕೈಗೆ ಕೊಟ್ಟೆನಲ್ಲೇ, ಪಾಪಿಷ್ಠಿ!" ಅಂದಳು. ಆಂಜಿನಮ್ಮ ಕದಲದೆ ನಿಂತಿದ್ದಳು. ಗೆದ್ದೆ ಅನ್ನಿಸಲಿಲ್ಲ. ಬಾಗಿಲ ಮರೆಯಿಂದ ಇಣುಕುತ್ತಿದ್ದ ಆ ಮೊಮ್ಮಗನನ್ನು ಮಾತ್ರ ಅವಳಿಂದ ನೋಡಲಾಗಲಿಲ್ಲ.

ಕೋನಪ್ಪ ಕಂತು ಕಂತಾಗಿ ಕಟ್ಟಿದ. ಬಡ್ಡಿಯನ್ನು ಪೂರ್ತಿ ಕೊಡಲೇ ಇಲ್ಲ. ಕೊನೆಯ ಕಂತಿನ ದಿನ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಇಬ್ಬರೂ ಎದುರಾದರು. ಅವನ ಕೂದಲು ಬೆಳ್ಳಗಾಗಿತ್ತು.

"ತಿನ್ನು," ಅಂದ. "ಅರಗಲ್ಲ ನಿಂಗೆ."

"ಅರಗುತ್ತೆ," ಅಂದಳು ಆಂಜಿನಮ್ಮ.

ಹೊರಗೆ ಚೆನ್ನರಾಯಪ್ಪ ಹುಣಿಸೆ ಮರದ ಕೆಳಗೆ ಕಾಯುತ್ತಿದ್ದ. ಇಷ್ಟು ವರ್ಷದಲ್ಲಿ ಈ ಕೆಲಸಕ್ಕೆ ಅವನು ಜೊತೆ ಬಂದದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೇ ನಡೆದರು.

"ಕಂಪೆನಿ ಆಗಿದ್ರೆ ಬಡ್ಡಿ ಸಮೇತ ಪೂರ್ತಿ ಬರ್ತಿತ್ತು," ಅಂದ ಅವನು. "ಅದೂ ಒಂದೇ ಸಲಕ್ಕೆ."

"ಹೂಂ. ಬರ್ತಿತ್ತು."

ದಿಬ್ಬೂರಹಳ್ಳಿ ಬಸ್ಸು ಬಂತು. ಅವನು ಮೊದಲು ಹತ್ತಿ, ಜನರನ್ನು ತಳ್ಳಿಕೊಂಡು ಹೋಗಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ಲು ಹಾಕಿ ಅವಳಿಗೆ ಜಾಗ ಹಿಡಿದ.